ಶುಗರ್ ಪೇಷೆಂಟ್‌ಗೆ ಮನೆ ನರ್ಸಿಂಗ್ ಸೇವೆ: ಏನು ಚೆನ್ನಾಗಿತ್ತು, ಎಲ್ಲಿ ಕೈಕೊಟ್ಟಿತು

ನರ್ಸ್‌ಗೆ 5ಕ್ಕೆ 5. ಸಂಸ್ಥೆಗೆ 5ಕ್ಕೆ 2. ಎರಡನ್ನೂ ಕೂಡಿಸಿ ಒಂದೇ ಅಂಕ ಕೊಟ್ಟರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಬೇರೆ ಬೇರೆ ಬರೆದಿದ್ದೇನೆ.

ಅಮ್ಮನಿಗೆ ಟೈಪ್ 2 ಡಯಾಬಿಟಿಸ್ ಬಂದು ತುಂಬಾ ವರ್ಷವಾಗಿದೆ. ಅಂಗಾಲಿನಲ್ಲಿ ಹುಣ್ಣಾಗಿ ಆಸ್ಪತ್ರೆ ಸೇರಿದ್ದರು. ಮನೆಗೆ ಕಳಿಸುವಾಗ ಕೈಗೆ ಬಂದ ಚೀಟಿ ಉದ್ದ ಇತ್ತು: ಮೂರು ಹೊತ್ತು ಊಟಕ್ಕೆ ಬೇಗ ಕೆಲಸ ಮಾಡುವ ಇನ್ಸುಲಿನ್, ರಾತ್ರಿ ಒಂದು ಸಲ ದಿನವಿಡೀ ಕೆಲಸ ಮಾಡುವ ಇನ್ಸುಲಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ, ಬಿಪಿ ಮಾತ್ರೆ, ಕಾಲಿಗೆ ದಿನಾ ಡ್ರೆಸಿಂಗ್. ಇದೆಲ್ಲ ನಮ್ಮ ಕೈಲಿ ಆಗುವುದಿಲ್ಲ ಅನ್ನಿಸಿ ಮನೆಗೆ ನರ್ಸ್ ಕಳಿಸುವ ಒಂದು ಸಂಸ್ಥೆಯ ಸೇವೆ ತೆಗೆದುಕೊಂಡೆವು. ಹಗಲಿಗೆ ಒಬ್ಬರು, ರಾತ್ರಿಗೆ ಒಬ್ಬರು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಒಂದೇ ಸಂಸ್ಥೆಯಿಂದ ಬಂದ ಇಬ್ಬರು ನರ್ಸ್‌ಗಳ ಕೆಲಸದಲ್ಲೇ ಎಷ್ಟು ವ್ಯತ್ಯಾಸ ಇತ್ತು ಅಂದರೆ, ಹೆಸರಿಗಿಂತ ಏನನ್ನು ನೋಡಬೇಕು ಅನ್ನುವುದು ಗೊತ್ತಿದ್ದರೆ ನಿಮಗೆ ಜಾಸ್ತಿ ಉಪಯೋಗ.

ಮೊದಲು ಬಂದ ಸಿಸ್ಟರ್ ಸರಿಯಾದ ಸಮಯಕ್ಕೆ ಬರುತ್ತಿದ್ದರು. ಶುಗರ್ ನೋಡುವುದು, ಇನ್ಸುಲಿನ್ ಹಾಕುವುದು, ಬ್ಯಾಂಡೇಜ್ ಬದಲಿಸುವುದು, ಬರೆಯುವುದು. ಎಲ್ಲವೂ ಚಕಚಕನೆ ಆಗುತ್ತಿತ್ತು. ನೋಡುವವರಿಗೆ ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಅಮ್ಮನ ಶುಗರ್ ಒಂದು ದಿನ 290, ಮಾರನೇ ದಿನ ಅದೇ ಹೊತ್ತಿಗೆ 85. ಊಟ ಅದೇ, ಡೋಸ್ ಅದೇ. ಕೇಳಿದರೆ "ವಯಸ್ಸಾದವರಿಗೆ ಹೀಗೇ ಆಗುತ್ತೆ" ಅನ್ನುವ ಉತ್ತರ. ಆಮೇಲೆ ಅವರು ರಜೆ ಹೋದರು, ಅವರ ಬದಲು ಇನ್ನೊಬ್ಬರು ಬಂದರು. ಈ ವಿಮರ್ಶೆಯ ಒಳ್ಳೆಯ ಭಾಗವೆಲ್ಲ ಆ ಎರಡನೆಯವರ ಬಗ್ಗೆ.

ಈ ಸಿಸ್ಟರ್ ಬಂದವರೇ ಇನ್ಸುಲಿನ್ ಚುಚ್ಚುವ ಪೆನ್ ಕೈಗೆತ್ತಿಕೊಳ್ಳಲಿಲ್ಲ. ಮೊದಲು ಚೀಟಿ ಪೂರ್ತಿ ಓದಿದರು. ಬರೆದಿಟ್ಟಿದ್ದ ಹಳೆಯ ಅಂಕಿಗಳನ್ನೆಲ್ಲ ತಿರುವಿ ಹಾಕಿದರು. ಆಮೇಲೆ ಅಮ್ಮನ ಪಕ್ಕ ಕೂತು, "ಅಮ್ಮಾ, ಸೂಜಿ ಎಲ್ಲಿ ಹಾಕಿಸಿಕೊಳ್ಳುತ್ತೀರಿ, ಒಮ್ಮೆ ತೋರಿಸಿ" ಅಂದರು. ಅಮ್ಮ ಹೊಕ್ಕುಳಿನ ಎಡಗಡೆ ಒಂದು ಜಾಗ ತೋರಿಸಿದರು. ಅಲ್ಲಿ ನೋವಾಗುವುದಿಲ್ಲ, ಅದಕ್ಕೇ ದಿನಾ ಅಲ್ಲೇ. ಹಿಂದಿನ ಸಿಸ್ಟರ್ ಕೂಡ ಅಲ್ಲೇ ಹಾಕುತ್ತಿದ್ದರು. ಇವರು ಬೆರಳ ತುದಿಯಲ್ಲಿ ಮೆಲ್ಲಗೆ ಒತ್ತಿ ನೋಡಿ, ನನ್ನ ಕೈ ಹಿಡಿದು ಅಲ್ಲಿ ಇಡಿಸಿದರು. ಚರ್ಮದ ಕೆಳಗೆ ಮೆತ್ತನೆಯ ರಬ್ಬರ್ ಥರ ಒಂದು ಗಂಟು. ಕಣ್ಣಿಗೆ ಕಾಣುವುದೇ ಇಲ್ಲ, ಮುಟ್ಟಿದರೆ ಮಾತ್ರ ಸಿಗುತ್ತದೆ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಇನ್ಸುಲಿನ್ ಹಾಕಿದರೆ ಅಲ್ಲಿ ಕೊಬ್ಬು ಬೆಳೆದು ಹೀಗೆ ಗಂಟಾಗುತ್ತದಂತೆ. ವೈದ್ಯರು ಅದಕ್ಕೆ ಲಿಪೋಹೈಪರ್‌ಟ್ರೋಫಿ ಅನ್ನುತ್ತಾರೆ. ಆ ಗಂಟಿಗೆ ಹಾಕಿದ ಇನ್ಸುಲಿನ್ ರಕ್ತಕ್ಕೆ ಸೇರುವುದಕ್ಕೆ ಲೆಕ್ಕವೇ ಇರುವುದಿಲ್ಲ. ಒಂದು ದಿನ ನಿಧಾನ, ಒಂದು ದಿನ ಬೇಗ. ನೋವಾಗುವುದಿಲ್ಲ ಅಂತಲೇ ಜನ ಅದೇ ಜಾಗವನ್ನು ಆರಿಸಿಕೊಳ್ಳುತ್ತಾರೆ, ಗಂಟು ಇನ್ನೂ ಬೆಳೆಯುತ್ತದೆ. ಅಮ್ಮನ ಶುಗರ್ ಯಾಕೆ ಹಾಗೆ ಏರಿಳಿಯುತ್ತಿತ್ತು ಅನ್ನುವುದಕ್ಕೆ ದೊಡ್ಡ ಕಾರಣ ಅಲ್ಲಿತ್ತು.

ನಾನಾಗಿದ್ದರೆ ಅವತ್ತೇ ಜಾಗ ಬದಲಿಸಿಬಿಡುತ್ತಿದ್ದೆ. ಸಿಸ್ಟರ್ ಹಾಗೆ ಮಾಡಲಿಲ್ಲ, ಮೊದಲು ಡಾಕ್ಟರ್‌ಗೆ ಫೋನ್ ಮಾಡಿದರು. ಗಂಟಿಗೆ ಹಾಕುತ್ತಿದ್ದ ಅದೇ ಡೋಸ್ ಅನ್ನು ಒಳ್ಳೆಯ ಜಾಗಕ್ಕೆ ಹಾಕಿದರೆ ಪೂರ್ತಿ ರಕ್ತಕ್ಕೆ ಸೇರಿ ಶುಗರ್ ಧಡಕ್ಕನೆ ಕೆಳಗೆ ಬೀಳಬಹುದು. ಡಾಕ್ಟರ್ ಡೋಸ್ ಸ್ವಲ್ಪ ಇಳಿಸಿದರು, ಕೆಲವು ದಿನ ಶುಗರ್ ಜಾಸ್ತಿ ಸಲ ನೋಡಲು ಹೇಳಿದರು. ಆಮೇಲೆ ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು, ವಾರಕ್ಕೊಂದು ಭಾಗ, ಪ್ರತಿ ಸಲ ಒಂದು ಬೆರಳು ಅಗಲ ಪಕ್ಕಕ್ಕೆ ಅಂತ ಒಂದು ಪದ್ಧತಿ ಮಾಡಿದರು. ರಾತ್ರಿಯ ಇನ್ಸುಲಿನ್ ತೊಡೆಗೆ. ಹಳೆಯ ಗಂಟಿನ ಹತ್ತಿರ ಹೋಗುವ ಹಾಗಿಲ್ಲ. ಕೆಲವೇ ವಾರಗಳಲ್ಲಿ ಆ ಹುಚ್ಚು ಏರಿಳಿತ ನಿಂತಿತು. ಹೊಸ ಔಷಧಿ ಒಂದೂ ಸೇರಿಸಲಿಲ್ಲ!

ಇನ್ಸುಲಿನ್ ಹಾಕುವ ರೀತಿಯಲ್ಲೂ ಸಣ್ಣ ಸಣ್ಣ ವಿಷಯ ಬಹಳ ಇವೆ. ಪೆನ್‌ಗೆ ಸೂಜಿ ಹಾಕಿದ ಮೇಲೆ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ತುದಿಯಲ್ಲಿ ಹನಿ ಕಾಣುತ್ತದಾ ನೋಡಬೇಕು. ಕಾಣದಿದ್ದರೆ ಸೂಜಿಯಲ್ಲಿ ಗಾಳಿ ಇರಬಹುದು, ಸೂಜಿ ಕಟ್ಟಿರಬಹುದು, ಡಯಲ್ ತೋರಿಸಿದಷ್ಟು ಒಳಗೆ ಹೋಗುವುದಿಲ್ಲ. ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿ ಸೂಜಿ ತೆಗೆಯಬೇಕು, ಇಲ್ಲದಿದ್ದರೆ ಔಷಧಿ ಹೊರಗೆ ಜಿನುಗುತ್ತದೆ. 4 ಮಿಲಿಮೀಟರ್ ಸೂಜಿ ಹೆಚ್ಚುಕಡಿಮೆ ಎಲ್ಲ ದೊಡ್ಡವರಿಗೂ ಸಾಕು, ನೇರವಾಗಿ ಚುಚ್ಚಿದರೆ ಆಯಿತು. ದಪ್ಪ ಇದ್ದವರಿಗೆ ಉದ್ದದ ಸೂಜಿ ಬೇಕು ಅನ್ನುವುದು ಸುಮ್ನೆ ಮಾತು. ಸೂಜಿ ಒಂದು ಸಲಕ್ಕೆ ಒಂದೇ. ಮತ್ತೆ ಮತ್ತೆ ಬಳಸಿದರೆ ತುದಿ ಮೊಂಡಾಗುತ್ತದೆ, ನೋವು ಜಾಸ್ತಿ, ಗಂಟೂ ಜಾಸ್ತಿ. ಒಬ್ಬರ ಪೆನ್ ಇನ್ನೊಬ್ಬರಿಗೆ, ಸೂಜಿ ಬದಲಿಸಿದರೂ, ಬಳಸಲೇಬಾರದು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದ್ದರೆ ಇದನ್ನು ಗಟ್ಟಿಯಾಗಿ ಹೇಳಬೇಕಾಗುತ್ತದೆ. ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಅಲ್ಲ, ಒಮ್ಮೆ ಗಡ್ಡೆ ಕಟ್ಟಿದ್ದನ್ನು ಎಸೆಯಬೇಕು. ಬಳಸಲು ಶುರು ಮಾಡಿದ ಪೆನ್ ಹೊರಗೆ ತಂಪಾದ ಜಾಗದಲ್ಲಿ ಇಡಬಹುದು, ಎಷ್ಟೋ ಬಗೆಯ ಇನ್ಸುಲಿನ್‌ಗೆ ಇದು 28 ದಿನ. ಸಿಸ್ಟರ್ ಪೆನ್ ಮೇಲೆ ಟೇಪ್ ಅಂಟಿಸಿ ಶುರು ಮಾಡಿದ ತಾರೀಕು ಬರೆದಿಡುತ್ತಿದ್ದರು.

ಪೆನ್ ಬಿಟ್ಟು ಸೀಸೆ ಮತ್ತು ಸಿರಿಂಜ್ ಬಳಸುವವರಿಗೆ ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಇನ್ಸುಲಿನ್ ಯು-40, ಯು-100 ಅಂತ ಬೇರೆ ಬೇರೆ ಗಟ್ಟಿಯಲ್ಲಿ ಬರುತ್ತದೆ, ಅಂದರೆ ಒಂದು ಮಿಲಿಯಲ್ಲಿ 40 ಅಥವಾ 100 ಯೂನಿಟ್. ಸಿರಿಂಜ್‌ಗಳೂ ಅದಕ್ಕೆ ತಕ್ಕ ಹಾಗೆ ಬೇರೆ. ಯು-100 ಸೀಸೆಯಿಂದ ಯು-40 ಸಿರಿಂಜ್‌ಗೆ ಎಳೆದುಕೊಂಡರೆ ಹೋಗುವುದು ಎರಡೂವರೆ ಪಟ್ಟು ಇನ್ಸುಲಿನ್. ಸೀಸೆಯ ಮೇಲಿನ ಸಂಖ್ಯೆ, ಸಿರಿಂಜ್ ಮೇಲಿನ ಸಂಖ್ಯೆ ಎರಡನ್ನೂ ಓದಿ ಹೇಳದ ನರ್ಸ್ ಕೈಗೆ ಸಿರಿಂಜ್ ಕೊಡಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯ. ಇವರು ಊಟದ ಇನ್ಸುಲಿನ್ ಹಾಕುವ ಮೊದಲು ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದರು: "ಅಮ್ಮಾ, ಹಸಿವು ಇದೆಯಾ? ಈಗ ಎಷ್ಟು ತಿನ್ನೋಕೆ ಆಗುತ್ತೆ?" ಹಿಂದಿನವರು ಗಡಿಯಾರ ನೋಡಿ ಸೂಜಿ ಹಾಕುತ್ತಿದ್ದರು. ಬೇಗ ಕೆಲಸ ಮಾಡುವ ಇನ್ಸುಲಿನ್ ಸುಮಾರು 15 ನಿಮಿಷದಲ್ಲಿ ಶುರುವಾಗಿಬಿಡುತ್ತದೆ. ಸೂಜಿ ಹಾಕಿ, ಊಟ ಬರುವುದು ತಡವಾದರೆ, ಅಥವಾ ಅಮ್ಮ ಅರ್ಧಕ್ಕೆ ತಟ್ಟೆ ಪಕ್ಕಕ್ಕಿಟ್ಟರೆ, ಆ ಇನ್ಸುಲಿನ್ ಸುಮ್ಮನೆ ಕೂರುವುದಿಲ್ಲ ಅಲ್ವಾ?

ಆಗಿದ್ದೂ ಹಾಗೆಯೇ, ಈ ಸಿಸ್ಟರ್ ಬಂದ ಹೊಸದರಲ್ಲಿ. ಅಮ್ಮ ಸರಿಯಾಗಿಯೇ ಊಟಕ್ಕೆ ಕೂತರು, ಮಧ್ಯದಲ್ಲಿ ಹೊಟ್ಟೆ ತೊಳಸುತ್ತದೆ ಅಂತ ಎದ್ದರು. ಸ್ವಲ್ಪ ಹೊತ್ತಿಗೆ ಹಣೆಯಲ್ಲಿ ಬೆವರು, ಮಾತು ತೊದಲು, ಕೇಳಿದ್ದನ್ನೇ ಕೇಳುತ್ತಿದ್ದರು. ಮೀಟರ್ 56 ತೋರಿಸಿತು. 70ಕ್ಕಿಂತ ಕೆಳಗೆ ಬಂದರೆ ಲೋ ಶುಗರ್, 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೇ ತೊಂದರೆ ಶುರುವಾಗುವ ಮಟ್ಟ. ಸಿಸ್ಟರ್ ಗಡಿಬಿಡಿ ಮಾಡಲಿಲ್ಲ. ಅಮ್ಮನಿಗೆ ಎಚ್ಚರ ಇದೆ, ನುಂಗಲು ಆಗುತ್ತದೆ ಅನ್ನುವುದನ್ನು ಮೊದಲು ನೋಡಿಕೊಂಡರು. 4 ಗ್ರಾಂನ ಗ್ಲೂಕೋಸ್ ಮಾತ್ರೆ ನಾಲ್ಕು ಅಗಿಯಲು ಕೊಟ್ಟರು. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿದರು. 70 ದಾಟಿರದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ದಾಟಿತ್ತು. ಆಮೇಲೆ ಸ್ವಲ್ಪ ಊಟ ಮಾಡಿಸಿದರು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ನಾನು ಚಾಕೊಲೇಟ್ ತರಲು ಓಡಿದ್ದೆ, ಬೇಡ ಅಂದರು. ಅದರಲ್ಲಿ ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಗ್ಲೂಕೋಸ್ ಇಲ್ಲದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಬಹುದು. ಆದರೆ ಅಕಾರ್ಬೋಸ್, ವೋಗ್ಲಿಬೋಸ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಗ್ಲೂಕೋಸೇ ಬೇಕು, ಆ ಮಾತ್ರೆಗಳು ಮಾಮೂಲಿ ಸಕ್ಕರೆ ಒಡೆಯುವುದನ್ನು ತಡೆಯುತ್ತವೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ನೀರು ಕೂಡ. ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸ್ ಕರೆಯಬೇಕು. ಶುಗರ್ ಏರಿಸುವ ಗ್ಲುಕಗಾನ್ ಔಷಧಿ ಇದ್ದರೆ, ಹಾಕಲು ಕಲಿತವರು ಹಾಕಬಹುದು.

ಶುಗರ್ ಸರಿಹೋಯಿತು ಅಂತ ಸಿಸ್ಟರ್ ಅಲ್ಲಿಗೆ ಬಿಡಲಿಲ್ಲ. ಎರಡು ಪ್ರಶ್ನೆ ಬರೆದುಕೊಂಡು ಡಾಕ್ಟರ್‌ಗೆ ಕೇಳಿದರು. ಒಂದು, ಅಮ್ಮ ಎಷ್ಟು ತಿನ್ನುತ್ತಾರೆ ಅಂತ ಮೊದಲೇ ಹೇಳಲು ಆಗುವುದಿಲ್ಲ, ಹಾಗಾದರೆ ಈ ಇನ್ಸುಲಿನ್ ಊಟ ಮುಗಿದ ತಕ್ಷಣ, ತಿಂದಿದ್ದನ್ನು ನೋಡಿ ಹಾಕಬಹುದಾ? ಬೇಗ ಕೆಲಸ ಮಾಡುವ ಇನ್ಸುಲಿನ್‌ಗೆ ಹಾಗೆ ಮಾಡಬಹುದು ಅಂದ ಡಾಕ್ಟರ್, ಪೂರ್ತಿ ಊಟಕ್ಕೆ ಎಷ್ಟು, ಅರ್ಧ ಊಟಕ್ಕೆ ಎಷ್ಟು ಅಂತ ಬರೆದುಕೊಟ್ಟರು. ಎರಡನೆಯದು ನನಗೆ ಹೊಳೆಯುವ ಪ್ರಶ್ನೆಯೇ ಅಲ್ಲ. ಅಮ್ಮನಿಗೆ ಬೆವರು ಬಂತು, ನಡುಕ ಬರಲಿಲ್ಲ, ಎದೆ ಡವಡವ ಅನ್ನಲಿಲ್ಲ. ಅವರ ಬಿಪಿ ಮಾತ್ರೆ ಬೀಟಾ ಬ್ಲಾಕರ್ ಜಾತಿಯದು. ಅದು ಲೋ ಶುಗರ್‌ನ ನಡುಕ, ಎದೆಬಡಿತವನ್ನು ಮುಚ್ಚಿಡುತ್ತದೆ, ಬೆವರನ್ನು ಮಾತ್ರ ಮುಚ್ಚುವುದಿಲ್ಲ. ಇದನ್ನು ಡಾಕ್ಟರ್ ಗಮನಕ್ಕೆ ತಂದರು. ಮನೆಯವರಿಗೆಲ್ಲ, "ಅಮ್ಮ ಕಾರಣವಿಲ್ಲದೆ ಬೆವರಿದರೆ ಮೊದಲು ಮೀಟರ್, ಆಮೇಲೆ ಮಾತು" ಅಂತ ಹೇಳಿಕೊಟ್ಟರು.

ಇಲ್ಲಿಂದ ಸಂಸ್ಥೆಯ ಕಡೆಗೆ ಬರುತ್ತೇನೆ, ಯಾಕೆಂದರೆ ರಾತ್ರಿ ಪಾಳಿಯ ಕಥೆ ಬೇರೆ. ಒಂದು ಬೆಳಗ್ಗೆ ಸಿಸ್ಟರ್ ಅಮ್ಮನ ಹಾಸಿಗೆ ಸರಿಮಾಡುತ್ತಾ ದಿಂಬು ಒದ್ದೆ ಇರುವುದನ್ನು ನೋಡಿದರು. ತಲೆನೋವು ಇದೆಯಾ, ಕೆಟ್ಟ ಕನಸು ಬಿತ್ತಾ ಅಂತ ಕೇಳಿದರು. ಎರಡಕ್ಕೂ ಹೌದು. ರಾತ್ರಿಯವರನ್ನು ಕೇಳಿದರೆ "ಚೆನ್ನಾಗಿ ನಿದ್ದೆ ಮಾಡಿದರು, ಎಬ್ಬಿಸಲಿಲ್ಲ" ಅಂದರು. ಬೆಳಗಿನ ಶುಗರ್ ಮಾತ್ರ ಜಾಸ್ತಿ ಇತ್ತು. ಬೆಳಗ್ಗೆ ಜಾಸ್ತಿ ಬಂತು ಅಂತ ರಾತ್ರಿ ಡೋಸ್ ಏರಿಸುವುದು ಸುಲಭ. ಇವರು ಹಾಗೆ ಹೇಳಲಿಲ್ಲ, ಕೆಲವು ರಾತ್ರಿ 3 ಗಂಟೆಗೆ ಶುಗರ್ ನೋಡಿ ಅಂದರು. ನಾವೇ ಎದ್ದು ನೋಡಿದೆವು. 60ರ ಆಸುಪಾಸು! ನಿದ್ದೆಯಲ್ಲೇ ಇಳಿಯುತ್ತಿತ್ತು. ಡಾಕ್ಟರ್ ರಾತ್ರಿಯ ಡೋಸ್ ಕಡಿಮೆ ಮಾಡಿದರು. ಬೆಳಗ್ಗೆ ಏನು ಬಂತು ಅಂತ ಒಂದೇ ಅಂಕಿ ಹಿಡಿದು ಹೋಗಿದ್ದರೆ ಡೋಸ್ ಏರುತ್ತಿತ್ತು, ಅಮ್ಮ ಏನಾಗುತ್ತಿದ್ದರೋ.

ಆಗ ವಿಚಾರಿಸಿದಾಗ ಗೊತ್ತಾಯಿತು, ರಾತ್ರಿಗೆ ಬರುತ್ತಿದ್ದವರು ನರ್ಸೇ ಅಲ್ಲ, ಕೇರ್‌ಟೇಕರ್. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮನನ್ನು ಪ್ರೀತಿಯಿಂದ ನೋಡಿಕೊಂಡರು, ಬಾತ್‌ರೂಮ್‌ಗೆ ಕರೆದುಕೊಂಡು ಹೋಗುವುದು, ನೀರು ಕೊಡುವುದು ಎಲ್ಲ ಮಾಡಿದರು. ಲೋ ಶುಗರ್ ಹೇಗಿರುತ್ತದೆ ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ಒಪ್ಪಂದದಲ್ಲಿ 'ನರ್ಸಿಂಗ್ ಸೇವೆ' ಅಂತ ಬರೆದು, ಇನ್ಸುಲಿನ್ ಮೇಲಿರುವ ರೋಗಿಯ ಪಕ್ಕ ತರಬೇತಿ ಇಲ್ಲದವರನ್ನು ಕೂರಿಸಿದ್ದು ಸಂಸ್ಥೆಯ ತಪ್ಪು. ಇದಕ್ಕೇ ಮೂರು ಅಂಕ ಕಡಿಮೆ ಮಾಡಿದರೂ ತಪ್ಪಿಲ್ಲ.

ಕಾಲಿನ ಆರೈಕೆಗೆ ಬರೋಣ. ನಾವು ಸೇವೆ ತೆಗೆದುಕೊಂಡಿದ್ದೇ ಮುಖ್ಯವಾಗಿ ಇದಕ್ಕೆ. ಡಯಾಬಿಟಿಸ್‌ನಲ್ಲಿ ಕಾಲಿನ ನರಗಳು ಮರಗಟ್ಟುತ್ತವೆ, ಚುಚ್ಚಿದರೂ ಸುಟ್ಟರೂ ಗೊತ್ತಾಗುವುದಿಲ್ಲ. ರಕ್ತ ಓಡಾಟವೂ ಕಡಿಮೆಯಾದರೆ ಸಣ್ಣ ಗಾಯವೂ ಮಾಯುವುದಿಲ್ಲ. ಅಮ್ಮನ ಹುಣ್ಣು ಶುರುವಾಗಿದ್ದು ಚಪ್ಪಲಿಯೊಳಗೆ ಸೇರಿಕೊಂಡಿದ್ದ ಒಂದು ಸಣ್ಣ ಕಲ್ಲಿನಿಂದ. ದಿನವಿಡೀ ಅದರ ಮೇಲೇ ನಡೆದಿದ್ದರು, ನೋವೇ ಆಗಿರಲಿಲ್ಲ.

ಸಿಸ್ಟರ್ ಡ್ರೆಸಿಂಗ್ ಮಾಡುವಾಗ ಆತುರವಿಲ್ಲ. ಕೈ ತೊಳೆದು, ಗ್ಲೌಸ್ ಹಾಕಿ, ಸಲೈನ್‌ನಿಂದ ಗಾಯ ತೊಳೆದು, ಅದರ ಬಣ್ಣ, ವಾಸನೆ, ಅಂಚು ನೋಡುತ್ತಿದ್ದರು. ಸುತ್ತ ಬಿಸಿ ಇದೆಯಾ, ಕೆಂಪು ಹರಡಿದೆಯಾ ಅಂತ ಕೈಯ ಹಿಂಬದಿಯಿಂದ ಮುಟ್ಟಿ, ಇನ್ನೊಂದು ಕಾಲಿಗೆ ಹೋಲಿಸುತ್ತಿದ್ದರು. ವಾರಕ್ಕೊಮ್ಮೆ ಪೇಪರ್ ಸ್ಕೇಲ್ ಪಕ್ಕದಲ್ಲಿಟ್ಟು ಉದ್ದ ಅಗಲ ಬರೆದು ಫೋಟೋ ತೆಗೆಯುತ್ತಿದ್ದರು. ಇದರಿಂದ ಆದ ಉಪಯೋಗ ನೋಡಿ. ಒಂದು ವಾರ ಅಳತೆ ಕಡಿಮೆಯಾಗಲೇ ಇಲ್ಲ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಅಳತೆ ಮಾತ್ರ ನಿಂತಲ್ಲೇ ನಿಂತಿತ್ತು. ಔಷಧಿ ಬದಲಿಸಬೇಕೇನೋ ಅಂದುಕೊಂಡೆವು. ಸಿಸ್ಟರ್ ಅಮ್ಮನನ್ನೇ ಕೇಳಿದರು, "ರಾತ್ರಿ ಎದ್ದಾಗ ಆ ದೊಡ್ಡ ಶೂ ಹಾಕಿಕೊಳ್ಳುತ್ತೀರಾ?" ಗಾಯದ ಮೇಲೆ ಭಾರ ಬೀಳದ ಹಾಗೆ ಕೊಟ್ಟಿದ್ದ ವಿಶೇಷ ಶೂ ಅದು. ಇಲ್ಲ, ಅದು ಬಾಗಿಲ ಹತ್ತಿರ ಇರುತ್ತದೆ, ಅಲ್ಲಿವರೆಗೆ ಬರಿಗಾಲಲ್ಲೇ ಹೋಗಿ ಹಾಕಿಕೊಳ್ಳುವುದು! ಶೂ ಮಂಚದ ಪಕ್ಕಕ್ಕೆ ಬಂತು, ಅಮ್ಮ ಕಾಲು ಕೆಳಗಿಡುವ ಜಾಗಕ್ಕೇ. ಮತ್ತೆ ಗಾಯ ಕುಗ್ಗಲು ಶುರುವಾಯಿತು. ಅಂಗಾಲಿನ ಹುಣ್ಣಿಗೆ ಎಂಥ ಮುಲಾಮು ಹಚ್ಚಿದರೂ ಅದರ ಮೇಲೆ ಭಾರ ಹಾಕಿ ನಡೆದರೆ ಮಾಯುವುದಿಲ್ಲ ಅನ್ನುವುದನ್ನು ಅವತ್ತು ಕಣ್ಣಾರೆ ನೋಡಿದೆವು.

ಒಳ್ಳೆಯ ಕಾಲನ್ನೂ ಅವರು ಬಿಡುತ್ತಿರಲಿಲ್ಲ. ಬೆರಳ ಸಂದಿ ಒಣಗಿರಬೇಕು, ಅಲ್ಲಿ ಕ್ರೀಮ್ ಬೇಡ. ಹಿಮ್ಮಡಿಗೆ ಬೇಕು. ಉಗುರು ನೇರವಾಗಿ ಕತ್ತರಿಸಬೇಕು, ಮೂಲೆ ಕೊರೆಯಬಾರದು. ಕಾಲಿಗೆ ಬಿಸಿನೀರಿನ ಚೀಲ ಇಡಬಾರದು. ಚಪ್ಪಲಿ ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಬೇಕು. ಅಂಗಾಲು ಕಾಣದಿದ್ದರೆ ಕೆಳಗೆ ಕನ್ನಡಿ ಇಟ್ಟುಕೊಂಡು ನೋಡಬೇಕು. ಅಮ್ಮನಿಗೆ ಈಗ ಇದು ಹಲ್ಲುಜ್ಜುವಷ್ಟೇ ಮಾಮೂಲು.

ಇನ್ನೊಂದು ವಿಷಯ ಅಂಕದಲ್ಲಿ ಬರೆಯಲು ಆಗುವುದಿಲ್ಲ. ಶುಗರ್ ಜಾಸ್ತಿ ಬಂದ ದಿನ ಅಮ್ಮನ ಮುಖ ಸಣ್ಣದಾಗುತ್ತಿತ್ತು. ವರ್ಷಗಟ್ಟಲೆ ಬೈಸಿಕೊಂಡು ಬಂದವರು ಅವರು. ನೆಂಟರು, ಪಕ್ಕದ ಮನೆಯವರು, ಕೆಲವು ಸಲ ಆಸ್ಪತ್ರೆಯಲ್ಲೂ. ಈ ಸಿಸ್ಟರ್ ಒಂದು ದಿನವೂ "ಏನು ತಿಂದಿರಿ?" ಅಂತ ಗದರಲಿಲ್ಲ. "ಇವತ್ತು ಜಾಸ್ತಿ ಇದೆ, ಯಾಕಿರಬಹುದು ಅಮ್ಮಾ, ಇಬ್ಬರೂ ಯೋಚನೆ ಮಾಡೋಣ" ಅನ್ನುತ್ತಿದ್ದರು. ನಿದ್ದೆ ಬರಲಿಲ್ಲವಾ, ಎಲ್ಲಾದರೂ ನೋವಿದೆಯಾ, ಮೂತ್ರಕ್ಕೆ ಹೋಗುವಾಗ ಉರಿ ಇದೆಯಾ. ಸೋಂಕು ಇದ್ದರೂ ಶುಗರ್ ಏರುತ್ತದೆ ಅಲ್ವಾ, ಎಲ್ಲದಕ್ಕೂ ಬಾಯಿಯೇ ಕಾರಣ ಅಲ್ಲ. ಬೈಗುಳ ಇಲ್ಲ ಅಂತ ಗೊತ್ತಾದ ಮೇಲೆ ಅಮ್ಮ ತಿಂದಿದ್ದನ್ನು ಮುಚ್ಚಿಡುವುದು ಬಿಟ್ಟರು. ಬರೆದಿಡುವ ಚಾರ್ಟ್ ಆಗ ನಿಜವಾಯಿತು. ನಿಜವಾದ ಚಾರ್ಟ್ ಇದ್ದರೆ ತಾನೇ ಡಾಕ್ಟರ್ ಸರಿಯಾದ ಡೋಸ್ ಬರೆಯಲು ಆಗುವುದು.

ಕಲಿಸುವುದರಲ್ಲೂ ಹಾಗೇ. ಹೇಳಿ ಮುಗಿಸಿ "ಗೊತ್ತಾಯ್ತಾ?" ಅನ್ನುತ್ತಿರಲಿಲ್ಲ. "ಈಗ ನೀವು ನನಗೆ ತೋರಿಸಿ" ಅನ್ನುತ್ತಿದ್ದರು. ಅಮ್ಮ ತಾವೇ ಡಯಲ್ ತಿರುಗಿಸಿ, ಹತ್ತು ಎಣಿಸಿ, ಸೂಜಿ ಬಿಚ್ಚುವವರೆಗೆ ಸಿಸ್ಟರ್ ಕೈ ಕಟ್ಟಿಕೊಂಡು ಕೂತಿರುತ್ತಿದ್ದರು. ಅಮ್ಮನ ಕಣ್ಣು ಮಂಜು ಅಂತ ಗಮನಿಸಿ, ಭೂತಗನ್ನಡಿ ತರಿಸಿದರು, ರೆಟಿನಾ ಪರೀಕ್ಷೆ ಯಾವಾಗ ಆಗಿದೆ ಅಂತ ಕೇಳಿದರು. ವರ್ಷಕ್ಕೊಮ್ಮೆ ಕಣ್ಣು, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯಾ ಅನ್ನುವ ಪರೀಕ್ಷೆ, ಕಿಡ್ನಿಯ ರಕ್ತಪರೀಕ್ಷೆ ಆಗಬೇಕು ಅಂತ ನೆನಪಿಸಿ ತಾರೀಕು ಬರೆಸಿದರು.

ಈಗ ಸಂಸ್ಥೆಯ ಆ್ಯಪ್. ನೋಡಲು ಚೆಂದ. ಶುಗರ್ ಅಂಕಿಗಳನ್ನು ನರ್ಸ್ ಅದರಲ್ಲಿ ತುಂಬಬೇಕು, ಮನೆಯವರಿಗೆ ಕಾಣುವುದು ವಾರದ ಸರಾಸರಿ ಮಾತ್ರ. ಅಮ್ಮನ ಸರಾಸರಿ 160 ಅಂತ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. 290 ಮತ್ತು 56 ಎರಡೂ ಇದ್ದ ವಾರದಲ್ಲೂ! ಡಯಾಬಿಟಿಸ್‌ನಲ್ಲಿ ಸರಾಸರಿ ನೋಡಿ ನೆಮ್ಮದಿಯಾಗಿರುವಂತಿಲ್ಲ. ಎಚ್‌ಬಿಎ1ಸಿ ಪರೀಕ್ಷೆಯೂ ಎರಡು ಮೂರು ತಿಂಗಳ ಸರಾಸರಿಯೇ, ಅದು ಬೇಕು, ಆದರೆ ಯಾವ ಹೊತ್ತಿಗೆ ಶುಗರ್ ಬಿತ್ತು, ಯಾವ ಹೊತ್ತಿಗೆ ಏರಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಸಿಸ್ಟರ್ ಆ್ಯಪ್ ತುಂಬುವುದರ ಜೊತೆಗೆ ಒಂದು ಮಾಮೂಲಿ ನೋಟ್‌ಬುಕ್ ಇಟ್ಟರು: ಹೊತ್ತು, ಶುಗರ್, ಎಷ್ಟು ಊಟ, ಎಷ್ಟು ಯೂನಿಟ್, ಎಲ್ಲಿ ಹಾಕಿದ್ದು, ಬೇರೆ ಏನಾದರೂ. ಡಾಕ್ಟರ್ ಆ ನೋಟ್‌ಬುಕ್ ನೋಡಿಯೇ ಎಲ್ಲ ತೀರ್ಮಾನ ಮಾಡಿದರು.

ಪಾಳಿ ಬದಲಾಗುವಾಗಲೂ ಸಂಸ್ಥೆಗೆ ಒಂದು ಕ್ರಮ ಇಲ್ಲ. ಹಗಲಿನವರು ಹೊರಡುತ್ತಾರೆ, ರಾತ್ರಿಯವರು ಅರ್ಧ ಗಂಟೆ ಬಿಟ್ಟು ಬರುತ್ತಾರೆ, ಇಬ್ಬರೂ ಎದುರುಬದುರು ಮಾತಾಡುವುದೇ ಇಲ್ಲ. ರಾತ್ರಿ ಇನ್ಸುಲಿನ್ ಆಗಿದೆಯೋ ಇಲ್ಲವೋ ಅನ್ನುವ ಗೊಂದಲ ಹುಟ್ಟುವುದು ಇಲ್ಲೇ. ಒಂದು ಸಲ ಎರಡನೇ ಡೋಸ್ ಹಾಕುವುದು ಸ್ವಲ್ಪದರಲ್ಲಿ ತಪ್ಪಿತು, ನೋಟ್‌ಬುಕ್ ಇದ್ದದ್ದಕ್ಕೆ. ದೂರು ಕೊಟ್ಟೆವು. "ನೋಡುತ್ತೇವೆ" ಅಂದರು, ನೋಡಲಿಲ್ಲ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಅಮ್ಮನಿಗೆ ಜ್ವರ, ವಾಂತಿ ಬಂದ ದಿನ. ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿದರೆ, "ಊಟ ಮಾಡ್ತಿಲ್ಲ ಅಂದ್ರೆ ಇನ್ಸುಲಿನ್ ಪೂರ್ತಿ ನಿಲ್ಲಿಸಿ, ನಾಳೆ ನೋಡೋಣ" ಅಂದರು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಜ್ವರ ಬಂದಾಗ ಊಟ ಮಾಡದಿದ್ದರೂ ಶುಗರ್ ಏರುತ್ತದೆ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಅನ್ನು ಡಾಕ್ಟರ್ ಹೇಳದೆ ನಿಲ್ಲಿಸಬಾರದು. ಟೈಪ್ 1 ಇದ್ದವರಿಗಂತೂ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಹೆಚ್ಚಿ ಜೀವಕ್ಕೇ ಅಪಾಯ. ವಯಸ್ಸಾದ ಟೈಪ್ 2 ರೋಗಿಗಳಲ್ಲಿ ಮೈಯ ನೀರೆಲ್ಲ ಆರಿ, ಶುಗರ್ 600 ದಾಟಿ ಮಂಪರು ಬರುವ ಪರಿಸ್ಥಿತಿಯೂ ಇದೆ. ಸಿಸ್ಟರ್ ಸಹಾಯವಾಣಿಯ ಮಾತು ಪಕ್ಕಕ್ಕಿಟ್ಟು ನೇರ ಡಾಕ್ಟರ್‌ಗೆ ಮಾತಾಡಿಸಿದರು. ಊಟ ಇಲ್ಲದಿದ್ದರೆ ಊಟದ ಇನ್ಸುಲಿನ್ ಬೇಡ, ರಾತ್ರಿಯದು ಹೇಳಿದಷ್ಟು ಹಾಕಿ, ಮೆಟ್‌ಫಾರ್ಮಿನ್ ವಾಂತಿ ನಿಲ್ಲುವವರೆಗೆ ಬೇಡ, ನಾಲ್ಕು ಗಂಟೆಗೊಮ್ಮೆ ಶುಗರ್, ಗುಟುಕು ಗುಟುಕಾಗಿ ನೀರು. ನೀರೂ ನಿಲ್ಲದಿದ್ದರೆ, ಉಸಿರು ಜೋರಾದರೆ, ಉಸಿರಿನಲ್ಲಿ ಹಣ್ಣಿನ ಥರ ವಾಸನೆ ಬಂದರೆ, ಮಂಪರು ಕವಿದರೆ ತಕ್ಷಣ ಆಸ್ಪತ್ರೆ. ಅಮ್ಮ ಮನೆಯಲ್ಲೇ ಚೇತರಿಸಿಕೊಂಡರು. ನರ್ಸಿಂಗ್ ಸಂಸ್ಥೆಯ ಫೋನ್‌ನಲ್ಲಿ ಕೂತವರಿಗೆ ಇಷ್ಟು ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ "ಡಾಕ್ಟರ್‌ಗೆ ಕೇಳಿ" ಅನ್ನಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಸಂಸ್ಥೆ ಕೊಟ್ಟ ಗ್ಲುಕೋಮೀಟರ್ ಪರವಾಗಿಲ್ಲ, ಆದರೆ ಸ್ಟ್ರಿಪ್ ಡಬ್ಬದ ಮುಚ್ಚಳ ತೆರೆದೇ ಇಟ್ಟಿದ್ದರು, ತೇವ ಸೇರಿದರೆ ತಪ್ಪು ಅಂಕಿ ಬರುತ್ತದೆ. ಬೆರಳು ಚುಚ್ಚುವ ಮೊದಲು ಸೋಪಿನಲ್ಲಿ ಕೈ ತೊಳೆದು ಒರೆಸಬೇಕು, ಹಣ್ಣು ಮುಟ್ಟಿದ ಬೆರಳಿನಲ್ಲಿ ನೋಡಿದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ. ಬೆರಳ ತುದಿಗಲ್ಲ, ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಬಳಸಿದ ಸೂಜಿಗಳನ್ನು ಮೊದಲಿನವರು ಸಾಮಾನ್ಯ ಕಸದ ಚೀಲಕ್ಕೆ ಹಾಕುತ್ತಿದ್ದರು. ಎರಡನೆಯವರು ಗಟ್ಟಿ ಪ್ಲಾಸ್ಟಿಕ್ ಡಬ್ಬ, ಬಿಗಿ ಮುಚ್ಚಳ ತರಿಸಿದರು. ಕಸ ಎತ್ತುವವರ ಕೈಯೂ ಕೈಯೇ ಅಲ್ವಾ.

ನೀವು ಇಂಥ ಸೇವೆ ತೆಗೆದುಕೊಳ್ಳುವುದಾದರೆ ಫೋನ್‌ನಲ್ಲೇ ಕೇಳಿ: ರಾತ್ರಿ ಬರುವವರು ನೋಂದಾಯಿತ ನರ್ಸಾ, ಕೇರ್‌ಟೇಕರಾ? ಇಬ್ಬರ ಪಾಳಿ ಸ್ವಲ್ಪ ಹೊತ್ತಾದರೂ ಒಟ್ಟಿಗೆ ಇರುತ್ತದಾ? ಶುಗರ್‌ನ ಎಲ್ಲ ಅಂಕಿ ನಮಗೆ ಕಾಣುತ್ತದಾ? ರೋಗಿ ಊಟ ಬೇಡ ಅಂದರೆ ನಿಮ್ಮ ನರ್ಸ್ ಏನು ಮಾಡುತ್ತಾರೆ? ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಬೇರೆ ಕಡೆ ನೋಡಿ. ನರ್ಸ್ ಬಂದ ಮೇಲೆ ಮೊದಲ ದಿನ ಪಕ್ಕದಲ್ಲೇ ಇದ್ದು ನೋಡಿ, ಅವರು ಚುಚ್ಚುವ ಮೊದಲು ಆ ಜಾಗ ಮುಟ್ಟಿ ನೋಡುತ್ತಾರಾ, ಸಾಕ್ಸ್ ಬಿಚ್ಚಿ ಎರಡೂ ಕಾಲು ನೋಡುತ್ತಾರಾ. ತಾವಾಗಿ ಎಲ್ಲ ಔಷಧಿ ಬದಲಿಸುವವರೂ ಬೇಡ, ಏನೇ ಆದರೂ ಡಾಕ್ಟರ್‌ಗೆ ತಿಳಿಸದವರೂ ಬೇಡ.

ಅಮ್ಮನ ಗಾಯ ಈಗ ಮುಚ್ಚಿದೆ. ಇನ್ಸುಲಿನ್ ತಾವೇ ಹಾಕಿಕೊಳ್ಳುತ್ತಾರೆ. ರಾತ್ರಿ ಪಾಳಿ ನಿಲ್ಲಿಸಿದ್ದೇವೆ, ಹಗಲಿನದೂ ಈಗ ವಾರಕ್ಕೊಮ್ಮೆ ಬಂದು ಕಾಲು, ಹೊಟ್ಟೆ, ನೋಟ್‌ಬುಕ್ ನೋಡಿ ಹೋಗುವುದಕ್ಕೆ ಇಳಿದಿದೆ. ಅದೇ ಸಿಸ್ಟರ್ ಬರಬೇಕು, ಬದಲಿಸುವುದಾದರೆ ಮೊದಲೇ ಹೇಳಬೇಕು ಅಂತ ಬರೆಸಿಕೊಂಡು ಮುಂದುವರಿಸಿದ್ದೇವೆ. ಅವರು ಈ ಸಂಸ್ಥೆ ಬಿಟ್ಟರೆ ನಾವೂ ಬಿಡುತ್ತೇವೆ, ಇದನ್ನು ಸಂಸ್ಥೆಯವರಿಗೂ ಹೇಳಿದ್ದೇನೆ.